ಅಲಾಯಿ ಕುಣಿತದ ಮರುದಿನದ ಹೊಟ್ಟೆನೋವು

ಮುದಗಲ್ಲಿನ ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಜಿಗಿದು ಹೆಜ್ಜೆ ಹಾಕುವವರಲ್ಲಿ ನಮ್ಮ ಭಕ್ತರ ಮನೆಗಳ ಹುಡುಗರೂ ಇರುತ್ತಾರೆ. ಅದು ಈ ಊರಿನ ಚೆಲುವು. ಮರುದಿನ ಮಾತ್ರ ಕೆಮ್ಮಿದರೂ ನಕ್ಕರೂ ಹೊಟ್ಟೆ ಹಿಡಿದುಕೊಳ್ಳುತ್ತದೆ. ಕೂಡಲೇ ‘ಬಟ್ಟಿ ಸರಿದಿದೆ’ ಎಂದು ತಿಕ್ಕಿಸುವ ರೂಢಿಯನ್ನು ನಾವು ಒಪ್ಪುವುದಿಲ್ಲ. ಅಭ್ಯಾಸವಿಲ್ಲದ ಜಿಗಿತದಿಂದ ಸ್ನಾಯುವಿನ ಎಳೆಗಳಿಗಾದ ಸೂಕ್ಷ್ಮ ಗಾಯವದು. 24ರಿಂದ 72 ಗಂಟೆಗಳಲ್ಲಿ ಹೆಚ್ಚಿ, ಸಾಮಾನ್ಯವಾಗಿ ವಾರದೊಳಗೆ ತಾನೇ ಇಳಿಯುತ್ತದೆ. ಬಿಸಿನೀರಿನ ಶಾಖ, ಮೆಲುನಡಿಗೆ ಸಾಕು. ಮೂಟೆ ಎತ್ತುವುದು ಬೇಡ.

ಆದರೆ ನೋವು ಹೊಕ್ಕುಳಿನ ಬಳಿಯಿಂದ ಬಲಭಾಗದ ಕಿಬ್ಬೊಟ್ಟೆಗೆ ಇಳಿದು ಜ್ವರ, ವಾಂತಿ ಕಂಡರೆ ಅಪೆಂಡಿಸೈಟಿಸ್ ಇರಬಹುದು. ತೊಡೆಸಂದಿಯಲ್ಲಿ ಗಂಟು ಉಬ್ಬಿದರೆ ಹರ್ನಿಯಾ. ಅಂಥ ಹೊಟ್ಟೆಯನ್ನು ತಿಕ್ಕುವುದು ಜೀವಕ್ಕೇ ಕುತ್ತು. ತಿಕ್ಕುವವರು ಮನೆಯ ಹಿರಿಯರೇ ಆಗಿರಲಿ, ವಿನಯದಿಂದ ಕೈ ತಡೆದು, ಅಂದೇ ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ.