ಅಣೆಕಟ್ಟು ಎತ್ತರವಾಯಿತು, ಹೊಳೆ ಸಪೂರವಾಯಿತು

ಪಾಣೆಮಂಗಳೂರು ಸೇತುವೆಯ ಮೇಲೆ ಬಸ್ಸು ದಾಟುವಾಗ ಕಿಟಕಿ ಬದಿಯವರು ಹೊಳೆಗೆ ಒಮ್ಮೆ ಇಣುಕುವುದು ರೂಢಿ. ಈಗೀಗ ಕಡು ಬೇಸಗೆಯಲ್ಲೂ ಅಲ್ಲಿ ನೀರು ಕಾಣುತ್ತದೆ. "ನೇತ್ರಾವತಿಯಲ್ಲಿ ನೀರುಂಟಲ್ಲ ಮಾರಾಯ್ರೆ, ಮತ್ತೆ ಎಂತ ಗಲಾಟೆ?" ಎಂದು ಕೇಳುವವರೂ ಇದ್ದಾರೆ. ಅದು ಹರಿಯುವ ನೀರಲ್ಲ, ತುಂಬೆ ಅಣೆಕಟ್ಟು ಹಿಡಿದು ನಿಲ್ಲಿಸಿದ ನೀರು. ಹೊಳೆಯ ನಿಜವಾದ ಸ್ಥಿತಿ ನೋಡಬೇಕಾದರೆ ಬೆಳ್ತಂಗಡಿ ಕಡೆಗೆ ಹತ್ತಬೇಕು.

ತುಂಬೆಯ ಹಳೆ ಅಣೆಕಟ್ಟು 4 ಮೀಟರ್, ಹೊಸದು 7 ಮೀಟರ್. ಎತ್ತರ ಮಾಡಿದರೆ ಮಂಗಳೂರಿನ ಬಾಯಾರಿಕೆ ತೀರುತ್ತದೆ ಎಂದರು. ಸಜೀಪ, ಪಾಣೆಮಂಗಳೂರು ಕಡೆಯ ರೈತರ ಜಾಗ ಮುಳುಗಿತು. ಆಮೇಲೆ? 2019ರ ಮೇಯಲ್ಲಿ ಮಂಗಳೂರಿಗೆ ರೇಶನ್ ಪ್ರಕಾರ ನೀರು. ಅದೇ ತಿಂಗಳು ಧರ್ಮಸ್ಥಳದಲ್ಲಿ ಹೊಳೆ ಬತ್ತಿ, ಯಾತ್ರೆ ಮುಂದೂಡಿ ಎಂದು ಹೆಗ್ಗಡೆಯವರೇ ಭಕ್ತರನ್ನು ಕೇಳಿಕೊಳ್ಳಬೇಕಾಯಿತು. ಸರಿಯಾಗಿ ಮೂರು ತಿಂಗಳಿಗೆ, ಆಗಸ್ಟಿನಲ್ಲಿ, ಚಾರ್ಮಾಡಿಯಲ್ಲಿ ಗುಡ್ಡ ಜರಿಯಿತು, ಬಂಟ್ವಾಳಕ್ಕೆ ನೆರೆ ಬಂತು. 2023ರ ಮೇಯಲ್ಲಿ ಪುನಃ ರೇಶನ್.

ಎಲ್ಲದಕ್ಕೂ ಎತ್ತಿನಹೊಳೆ ಯೋಜನೆಯೇ ಕಾರಣ ಎಂದು ಭಾಷಣ ಮಾಡುವುದು ಸುಲಭ. ಆ ಯೋಜನೆಗೆ ನಮ್ಮ ವಿರೋಧವೇ ಇರಲಿ, ಆದರೆ ಲೆಕ್ಕ ಸರಿ ಇರಬೇಕು. ಎತ್ತಿನಹೊಳೆಯ ನೀರು ಕುಮಾರಧಾರೆಗೆ ಸೇರಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಬರುವಂಥದ್ದು. ಧರ್ಮಸ್ಥಳ ಅದಕ್ಕಿಂತ ಮೇಲೆ. ಪಂಪು ತಿರುಗಿದ್ದೇ 2024ರ ಸೆಪ್ಟೆಂಬರಿನಲ್ಲಿ. ಹಾಗಾದರೆ 2019ರಲ್ಲಿ ನೀರು ಕದ್ದವರು ಯಾರು?

ಈ ಕಡೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಸಮುದ್ರಕ್ಕೆ ಹೋಗುತ್ತದೆ. ಬೇಸಗೆಯ ಹೊಳೆ ಎಂದರೆ ಗುಡ್ಡದ ಒರತೆ, ಮದಕ, ಕೆರೆಗಳಿಂದ ಇಳಿದ ನೀರು. ಹಿಂದಿನವರು ಮಳೆ ಬಿಟ್ಟ ಕೂಡಲೇ ತೋಡು ತೋಡಿಗೆ ಕಟ್ಟ ಹಾಕುತ್ತಿದ್ದರು. ಕಲ್ಲು, ಮಣ್ಣು, ಸೊಪ್ಪು, ಊರಿನವರ ಮೈಬೆವರು, ಅಷ್ಟೇ. ನಿಂತ ನೀರು ಮುರಕಲ್ಲಿನೊಳಗೆ ಇಳಿದು, ಬಾವಿ ತುಂಬಿಸಿ, ಮಾರ್ಚ್–ಎಪ್ರಿಲಿನಲ್ಲಿ ನಿಧಾನಕ್ಕೆ ಹೊಳೆಗೆ ಬರುತ್ತಿತ್ತು. ಈಗ ಕೆಲಸಕ್ಕೆ ಜನ ಇಲ್ಲ, ತೋಟಕ್ಕೆ ಕೊಳವೆಬಾವಿ ಉಂಟು. ಕಟ್ಟ ಯಾರಿಗೆ ಬೇಕು?

ಮೂಡುಬಿದಿರೆಗೆ ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂಬ ಮಾತು ಉಂಟು. ಬಸದಿ ಎಣಿಸಬಹುದು. ಕೆರೆ ಎಣಿಸಲು ಹೊರಟರೆ ಬೆರಳು ಮಡಚುವುದರಲ್ಲೇ ತಕರಾರು. ಕಡಲಕೆರೆ ಕಂಬಳದ ದೆಸೆಯಿಂದ ಎಲ್ಲರಿಗೂ ಗೊತ್ತು, ಉಳಿದವು ಎಷ್ಟು ಜನರಿಗೆ ಗೊತ್ತು? ಪೇಟೆಯ ನಳ್ಳಿಗೆ ಪುಚ್ಚೆಮೊಗರಿನ ಕಿಂಡಿ ಅಣೆಕಟ್ಟಿನಿಂದ ಫಲ್ಗುಣಿಯ ನೀರು ಬರುತ್ತದೆ, ಹಾಗಾಗಿ ಕೆರೆಯ ನೆನಪಾಗುವುದು ನಳ್ಳಿ ಒಣಗಿದಾಗ ಮಾತ್ರ. ಆ ಫಲ್ಗುಣಿಯ ಕಥೆಯೂ ಚೆನ್ನಾಗಿಲ್ಲ. 2018ರ ಜೂನಿನಲ್ಲಿ ಮೂಲರಪಟ್ಣದ ಸೇತುವೆ ಕುಸಿದಾಗ ಊರಿನವರು ಬೆರಳು ತೋರಿಸಿದ್ದು ಮರಳು ಲಾರಿಗಳ ಕಡೆಗೆ. ಮರಳು ತೆಗೆದಷ್ಟೂ ಹೊಳೆಯ ತಳ ಇಳಿಯುತ್ತದೆ, ತಳ ಇಳಿದಷ್ಟೂ ದಡದ ಬಾವಿಯ ನೀರೂ ಇಳಿಯುತ್ತದೆ.

ಹೊಳೆ ಸಪೂರವಾದರೆ ಇನ್ನೊಂದು ಸಂಗತಿ. ಬಂಟ್ವಾಳ, ಬಿ.ಸಿ.ರೋಡಿನ ಚರಂಡಿ ನೀರು ಮಳೆಗಾಲಕ್ಕೂ ಬೇಸಗೆಗೂ ಅಷ್ಟೇ. ಅದನ್ನು ತೊಳೆದು ಒಯ್ಯುವ ಹೊಳೆ ಮಾತ್ರ ಕಡಿಮೆ. ತುಂಬೆ ಇರುವುದು ಪೇಟೆಯ ಕೆಳಗೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಮಾಡಿದ ಕಲುಷಿತ ನದಿಗಳ ಪಟ್ಟಿಯಲ್ಲಿ ನೇತ್ರಾವತಿಯ ಹೆಸರೂ ಉಂಟು. ಹೋಟೆಲಿನ ಎಂಜಲು ನೀರನ್ನು ತೋಡಿಗೆ ಬಿಡುವ ನಮ್ಮ ವ್ಯಾಪಾರಿ ಮಿತ್ರರು ಮಂಗಳೂರಿನ ನೆಂಟರ ಮನೆಯಲ್ಲಿ ಚಾ ಕುಡಿಯುವಾಗ ಇದನ್ನು ಸ್ವಲ್ಪ ಯೋಚಿಸಬಹುದು.

ತುಂಬೆಯಲ್ಲಿ ನೀರು ಇಳಿದ ಕೂಡಲೇ ಅಧಿಕಾರಿಗಳ ಕಣ್ಣು ಬೀಳುವುದು ಮೇಲಿನ ಕೃಷಿಕರ ಪಂಪುಸೆಟ್ಟಿನ ಮೇಲೆ. ತೋಟ ಒಣಗಿಸುವ ಮೊದಲು ಮೇಲಿನ ಪಂಚಾಯತುಗಳಿಗೆ ಕಟ್ಟದ ಖರ್ಚು ಕೊಡಲಿ, ಮಂಗಳೂರು ನಗರಪಾಲಿಕೆಯೇ ಕೊಡಲಿ. ಕಿಂಡಿಗೆ ಹಲಗೆ ಇಳಿಸುವುದಕ್ಕೆ ನವೆಂಬರ್–ಡಿಸೆಂಬರ್ ಸಮಯ. ಬಿಲ್ಲು ಪಾಸಾಗಿ ಫೆಬ್ರವರಿಯಲ್ಲಿ ಹಲಗೆ ಬಂದರೆ, ಆ ನೀರು ಆಗಲೇ ಉಳ್ಳಾಲ ದಾಟಿರುತ್ತದೆ.