ಬಂಡವಾಳ ಎಷ್ಟು ಬೇಕು?

ಕಳೆದ ತಿಂಗಳು ಪಾಠ ಮುಗಿಸಿ ಹೊರಬರುತ್ತಿದ್ದಾಗ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬ ನನ್ನನ್ನು ತಡೆದು, 'ಸಾರ್, ಷೇರು ವ್ಯಾಪಾರ ಪ್ರಾರಂಭಿಸಲು ಹತ್ತು ಸಾವಿರ ಸಾಕೆ?' ಎಂದು ಕೇಳಿದ. ಕನ್ನಡ ಮೇಷ್ಟರನ್ನು ಕೇಳುವ ಪ್ರಶ್ನೆಯೇ ಇದು ಎಂದು ನಕ್ಕು ಸುಮ್ಮನಾಗಬಹುದಿತ್ತು. ಆ ಹತ್ತು ಸಾವಿರ, ಅವನ ಮುಂದಿನ ಓದಿಗೆಂದು ತಾಯಿ ಚೀಟಿ ಎತ್ತಿ ತೆಗೆದಿರಿಸಿದ ಹಣವೆಂದು ತಿಳಿದ ಮೇಲೆ ನಗು ಬರಲಿಲ್ಲ.

ಈ ಪ್ರಶ್ನೆಗೆ ಸಿದ್ಧ ಉತ್ತರ ಕೊಡುವ ಪಂಡಿತರು ಇಂದು ಬೀದಿಗೊಬ್ಬರಿದ್ದಾರೆ. 'ನೂರು ರೂಪಾಯಿ ಸಾಕು, ಬನ್ನಿ' ಎಂಬುದು ಅವರ ಘೋಷಣೆ. ಅದು ಸುಳ್ಳಲ್ಲ. ನಮ್ಮ ಪೇಟೆಯಲ್ಲಿ ಕನಿಷ್ಠ ಬಂಡವಾಳವೆಂಬ ಕಟ್ಟಳೆಯಿಲ್ಲ. ಒಂದು ಷೇರಿನ ಬೆಲೆ ಕೈಯಲ್ಲಿದ್ದವನು ಒಂದು ಷೇರು ಕೊಳ್ಳಬಹುದು. ಆದರೆ ಒಳಹೋಗುವ ಬಾಗಿಲನ್ನು ತೋರಿಸುವ ಈ ಮಹನೀಯರು ಹೊರಬರುವ ಸುಂಕವನ್ನು ಹೇಳುವುದಿಲ್ಲ. ಕೊಂಡ ಷೇರನ್ನು ಕೆಲವು ದಿನ ಇಟ್ಟುಕೊಂಡು ಮಾರಿದರೆ, ಡಿಮ್ಯಾಟ್ ಖಾತೆಯಿಂದ ಅದು ಹೊರಹೋಗುವುದಕ್ಕೇ ಹಲವು ಕಡೆ ಹದಿನೈದು ರೂಪಾಯಿಯ ಆಸುಪಾಸು ತೆರಬೇಕು. ಐನೂರು ರೂಪಾಯಿಯ ವ್ಯಾಪಾರದಲ್ಲಿ ಅದು ನೂರಕ್ಕೆ ಮೂರಾಯಿತು. ತೆರಿಗೆಗಳು ಬೇರೆ.

ಇರಲಿ, ಸುಂಕ ಸಣ್ಣ ಮಾತು. ದೊಡ್ಡ ಮಾತು, ಪ್ರಶ್ನೆಯ ಹಿಂದಿರುವ ಆಸೆ. ಕೇಳುವ ಹುಡುಗನಿಗೆ ಬೇಕಾದದ್ದು ಷೇರಲ್ಲ, ತಿಂಗಳ ಸಂಬಳ. ತಿಂಗಳಿಗೆ ನೂರಕ್ಕೆ ಒಂದರಂತೆ ಲಾಭ ಬಂದೀತೆಂದು ಉದಾರವಾಗಿಯೇ ಭಾವಿಸೋಣ. ಆ ಲೆಕ್ಕದಲ್ಲಿ ಹತ್ತು ಸಾವಿರದ ಸಂಬಳಕ್ಕೆ ಹತ್ತು ಲಕ್ಷದ ಗಂಟು ಬೇಕು. ಹತ್ತು ಸಾವಿರವೇ ಗಂಟಾದವನಿಗೆ ದೊರೆಯುವುದು ನೂರು ರೂಪಾಯಿ. ಆಗ ಅವನು ಏನು ಮಾಡುತ್ತಾನೆ? ದಲ್ಲಾಳಿಯ ಸಾಲದ ಬಲದಿಂದ, ಅಂದು ಕೊಂಡು ಅಂದೇ ಮಾರುವ ಆಟಕ್ಕೆ ಇಳಿಯುತ್ತಾನೆ. ಅಲ್ಲಿ ಐದು ಪಟ್ಟಿನವರೆಗೂ ಅವಕಾಶವುಂಟು. ಹತ್ತು ಸಾವಿರ ಇಟ್ಟು ಐವತ್ತು ಸಾವಿರದ ಷೇರು ಕೊಂಡರೆ, ಬೆಲೆ ನೂರಕ್ಕೆ ಎರಡು ಇಳಿದಾಗ ಅಸಲಿನ ಹತ್ತನೆಯ ಒಂದು ಭಾಗ ಕರಗಿತು. ಅದೂ ಸಾಲದಾದಾಗ ಫ್ಯೂಚರ್ಸ್, ಆಪ್ಷನ್ಸ್ ಎಂಬ ಬಾವಿ ಕಾದಿದೆ.

ಬಾವಿಯ ಆಳವನ್ನು ಪೇಟೆಯ ನಿಯಂತ್ರಕ ಮಂಡಳಿಯಾದ ಸೆಬಿಯೇ ಅಳೆದಿದೆ. 2024ರ ಸೆಪ್ಟೆಂಬರಿನಲ್ಲಿ ಅದು ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವ್ಯವಹಾರಕ್ಕೆ ಕೈಹಾಕಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಸರಾಸರಿ ನಷ್ಟ ತಲೆಗೆ ಸುಮಾರು 2 ಲಕ್ಷ ರೂಪಾಯಿ. 2023-24ರಲ್ಲಿ ಅಲ್ಲಿದ್ದವರಲ್ಲಿ ನೂರಕ್ಕೆ 75ಕ್ಕಿಂತ ಹೆಚ್ಚು ಜನ ತಮ್ಮ ವಾರ್ಷಿಕ ಆದಾಯ 5 ಲಕ್ಷಕ್ಕಿಂತ ಕಡಿಮೆಯೆಂದು ತಿಳಿಸಿದ್ದವರು. ಇದನ್ನು ಬಡವರ ಪಾಲಿನ ಅವಕಾಶವೆಂದು ಕರೆಯುವವರ ನಾಲಗೆಗೆ ಏನೆನ್ನಬೇಕು?

'ಹಾಗಾದರೆ ಸಾಮಾನ್ಯರು ಷೇರನ್ನು ಮುಟ್ಟಲೇ ಬಾರದೆ?' ಎಂದು ಕೇಳಬಹುದು. ನಾನು ಹಾಗೆ ಹೇಳುವುದಿಲ್ಲ. ಒಳ್ಳೆಯ ಕಂಪನಿಯ ನಾಲ್ಕು ಷೇರು ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವುದು ಹೂಡಿಕೆ. ಅದನ್ನು ಐನೂರು ರೂಪಾಯಿಯಿಂದಲೂ ಆರಂಭಿಸಬಹುದು. ದಿನದಿನವೂ ಕೊಂಡು ಮಾರುವುದು ವ್ಯಾಪಾರ. ಎರಡು ಬೇರೆ ಮಾತುಗಳಿರುವಾಗ ಎರಡನ್ನೂ ಒಂದೇ ಎಂದು ಬೆರೆಸಿ ಮಾರುವುದು ವಂಚನೆಯೆಂದೇ ನನ್ನ ಅಭಿಪ್ರಾಯ.

ಒಬ್ಬನ ನಿಜಸ್ಥಿತಿ ಹೊರಬಿದ್ದಾಗ ನಮ್ಮ ಜನ 'ಬಂಡವಾಳ ಬಯಲಾಯಿತು' ಎನ್ನುತ್ತಾರೆ. ಎಷ್ಟು ಹಣ ಬಯಲಾದರೂ ನಾಳೆಯ ಊಟ, ಬಾಡಿಗೆ, ಓದು ಯಾವುದೂ ನಿಲ್ಲುವುದಿಲ್ಲವೋ, ಅಷ್ಟೇ ಹೊಸಬನ ಬಂಡವಾಳ. ಆ ಲೆಕ್ಕದಲ್ಲಿ ನನ್ನ ವಿದ್ಯಾರ್ಥಿಯ ಬಂಡವಾಳ ಸೊನ್ನೆ. ಅವನಿಗೆ ಹಾಗೆಂದೇ ಹೇಳಿದೆ. ಮುಖ ಸಪ್ಪಗೆ ಮಾಡಿಕೊಂಡು ಹೋದ. ನನ್ನ ಮಾತು ಕೇಳಿದನೋ, ಬೀದಿಯ ಪಂಡಿತರ ಮಾತು ಕೇಳಿದನೋ, ಇನ್ನೂ ತಿಳಿದಿಲ್ಲ.