ಸೂಜಿಯ ಸಖ್ಯ

ಸಂಸ್ಕೃತದಲ್ಲಿ ಕಂಥಾ ಎಂದರೆ ತೇಪೆಗಳನ್ನು ಕೂಡಿಸಿ ಹೊಲಿದ ಹೊದಿಕೆ. ಆ ಶಬ್ದವೇ ಕನ್ನಡದಲ್ಲಿ ಕಂತೆಯಾಯಿತು. ಬೊಂತೆಯೆಂದರೂ ಹೆಚ್ಚು ಕಡಮೆ ಅದೇ ಪದಾರ್ಥ. ಕಂತೆಗೆ ತಕ್ಕ ಬೊಂತೆ ಎಂದು ಗಾದೆ ಕಟ್ಟಿದ ಹಿರಿಯರು ಸ್ವಲ್ಪ ನಗುತ್ತಲೇ ಕಟ್ಟಿರಬೇಕು; ಆದರೂ ಮಾಗಿಯ ಚಳಿಯಲ್ಲಿ ಅವರು ಎಳೆದು ಹೊದೆದುದು ಆ ಕಂತೆಯನ್ನೇ. ಧಾರವಾಡ ವಿಜಯಪುರಗಳ ಕಡೆಯಲ್ಲಿ ಇದನ್ನು ಕೌದಿ ಎನ್ನುವರು. ಅಜ್ಜಿಯ ಹಳೆಯ ಸೀರೆ, ಅಜ್ಜನ ಧೋತರ, ಮಕ್ಕಳ ಅಂಗಿಯ ತುಂಡು, ಇವೆಲ್ಲವೂ ಒಂದರ ಮೇಲೊಂದು ಹಾಸಲ್ಪಟ್ಟು, ಸಾಲುಸಾಲಾಗಿ ದಾರ ಓಡಿ, ಮನೆಯ ಚರಿತ್ರೆಯೇ ಒಂದು ಹೊದಿಕೆಯಾಗುವುದು.

ಈ ತಿಂಗಳು ನಾವು ವಾಚಕರ ಮುಂದಿಡುವ ವಿಷಯವು ಕೌದಿಗೆ ದೂರದ ನೆಂಟನಾದ ಅಮೆರಿಕದ ಕ್ವಿಲ್ಟು. ಮಿಸೌರಿ ಸಂಸ್ಥಾನದಲ್ಲಿರುವ ಮಗಳ ಮನೆಯಲ್ಲಿ ನಾವೂ ನಮ್ಮ ಮನೆಯವರೂ ಒಂದು ಚಳಿಗಾಲವನ್ನು ಕಳೆಯಬೇಕಾಗಿ ಬಂದಿತು. ಹಗಲು ಹೊತ್ತು ಮಗಳೂ ಅಳಿಯನೂ ಉದ್ಯೋಗಕ್ಕೆ, ಮೊಮ್ಮಗಳು ಪಾಠಶಾಲೆಗೆ, ಹೊರಗೆ ಹಿಮ, ನೆರೆಹೊರೆಯ ಬಾಗಿಲುಗಳೆಲ್ಲ ಮುಚ್ಚಿರುವವು. ಮಕ್ಕಳು ಪರದೇಶದಲ್ಲಿ ನೆಲೆಸಿರುವ ತಾಯಿತಂದೆಗಳಿಗೆ ಈ ಏಕಾಂತವನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಮೂರನೆಯ ವಾರಕ್ಕೇ ನಮ್ಮ ಮನೆಯವರು ಪಂಚಾಂಗದಲ್ಲಿ ದಿನ ಎಣಿಸತೊಡಗಿದ್ದರು. ಆಗ ಮಗಳು ಅವರನ್ನು ಊರಿನ ಹೊಲಿಗೆಯ ಅಂಗಡಿಯೊಂದರ ತರಗತಿಗೆ ಸೇರಿಸಿದಳು. ದುಭಾಷಿಯ ಕೆಲಸಕ್ಕೆಂದು ನಾವೂ ಹೋಗಿ, ಕಡೆಗೆ ನಾವೂ ವಿದ್ಯಾರ್ಥಿಗಳಾದೆವು.

ಕ್ವಿಲ್ಟಿಗೆ ಮೂರು ಪದರಗಳು. ಮೇಲಿನದು ತುಂಡುಬಟ್ಟೆಗಳನ್ನು ಅಳತೆಗೆ ಕತ್ತರಿಸಿ, ಜೋಡಿಸಿ, ಚಿತ್ರ ಮೂಡಿಸಿದ ಮುಖ, ನಡುವಿನದು ಹತ್ತಿಯ ಅಥವಾ ಉಣ್ಣೆಯ ಮೆತ್ತನೆಯ ಹಾಸು, ಕೆಳಗಿನದು ಅಸ್ತರಿ. ಈ ಮೂರನ್ನೂ ಒಂದುಗೂಡಿಸುವ ಹೊಲಿಗೆಗೇ ಕ್ವಿಲ್ಟಿಂಗ್ ಎಂಬ ಹೆಸರು ಸಲ್ಲತಕ್ಕದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ದೇಶದ ಹಳ್ಳಿಗಳ ಹೆಂಗಸರು ದೊಡ್ಡ ಮರದ ಚೌಕಟ್ಟಿಗೆ ಮೂರು ಪದರಗಳನ್ನೂ ಬಿಗಿದು, ಸುತ್ತಲೂ ಕುಳಿತು ಹೊಲಿಯುತ್ತಿದ್ದರು. ಆ ಕೂಟಕ್ಕೆ ಜೇನುಹುಳುವಿಗೆ ಹೇಳುವ ‘ಬೀ’ ಎಂಬ ಶಬ್ದವೇ ಹೆಸರು. ಒಬ್ಬಳು ತಿಂಗಳುಗಟ್ಟಲೆ ಹೊಲಿಯಬೇಕಾದುದನ್ನು ಹತ್ತು ಕೈಗಳು ಬೇಗನೆ ಮುಗಿಸುತ್ತಿದ್ದುವು. ಜೊತೆಗೆ ಊರಿನ ಸುದ್ದಿ, ಅಡಿಗೆಯ ವಿಚಾರ, ಸೊಸೆಯ ದೂರು, ಬಾಣಂತಿಯ ಆರೈಕೆ ಎಲ್ಲವೂ ಚೌಕಟ್ಟಿನ ಮೇಲೆ ಹಾದುಹೋಗುತ್ತಿದ್ದುವು. ನಮ್ಮಲ್ಲಿ ಹಪ್ಪಳ ಸಂಡಿಗೆ ಇಡುವ ದಿನವನ್ನು ನೆನೆದುಕೊಂಡರೆ ವಾಚಕರಿಗೆ ಆ ದೃಶ್ಯವು ಕಣ್ಣಿಗೆ ಕಟ್ಟುವುದು.

೧೮೪೬ರಲ್ಲಿ ಎಲಿಯಾಸ್ ಹೋವ್ ಎಂಬಾತನೂ ೧೮೫೧ರಲ್ಲಿ ಐಸಾಕ್ ಸಿಂಗರನೂ ಹೊಲಿಗೆಯ ಯಂತ್ರಕ್ಕೆ ಸನ್ನದು ಪಡೆದರು. ಆದರೆ ಮನೆಯ ಯಂತ್ರದ ತೋಳು ಗಿಡ್ಡ. ಮಂಚದಗಲದ ಹೊದಿಕೆಯನ್ನು ಸುರುಳಿ ಸುತ್ತಿ ಆ ಸಣ್ಣ ಸಂದಿನಲ್ಲಿ ತುರುಕಿ ಎಳೆಯುವುದು ಭುಜಗಳಿಗೆ ದೊಡ್ಡ ಶಿಕ್ಷೆಯೇ ಸರಿ. ಇದರ ಪರಿಹಾರಾರ್ಥವಾಗಿ ಬಂದುದೇ ‘ಲಾಂಗ್ ಆರ್ಮ್’, ಅಂದರೆ ಉದ್ದ ತೋಳಿನ ಯಂತ್ರ. ಮನೆಯ ಯಂತ್ರದಲ್ಲಿ ಸೂಜಿಯು ಇದ್ದಲ್ಲೇ ಇದ್ದು ಬಟ್ಟೆಯು ಚಲಿಸುವುದಷ್ಟೆ. ಇದರಲ್ಲಿ ಬಟ್ಟೆಯು ಸ್ಥಿರ, ಯಂತ್ರವೇ ಚರ. ಹತ್ತರಿಂದ ಹದಿನಾಲ್ಕು ಅಡಿ ಉದ್ದದ ಮೇಜಿನ ಮೇಲೆ ಉರುಳೆಗಳಿಗೆ ಹೊದಿಕೆಯನ್ನು ಸುತ್ತಿ ಬಿಗಿಯುವರು. ಗಾಲಿಗಳ ಮೇಲೆ ನಿಂತ ಯಂತ್ರವು ಹಿಂದಕ್ಕೂ ಮುಂದಕ್ಕೂ, ಎಡಕ್ಕೂ ಬಲಕ್ಕೂ ಸರಾಗವಾಗಿ ಜಾರುವುದು. ಹೊಲಿಯುವವರು ಎರಡು ಹಿಡಿಗಳನ್ನು ಹಿಡಿದು ನಿಂತುಕೊಂಡೇ ಅದನ್ನು ನಡೆಸಬೇಕು. ತೋಳಿನೊಳಗಿನ ತೆರಪು ಹದಿನೆಂಟು ಅಂಗುಲದಿಂದ ಮೂವತ್ತು ಅಂಗುಲದವರೆಗೂ ಇರುವುದು. ಒಂದು ಪಟ್ಟಿಯು ಮುಗಿದೊಡನೆ ಉರುಳೆಯನ್ನು ತಿರುಗಿಸಿದರೆ ಮುಂದಿನ ಪಟ್ಟಿಯು ಎದುರಿಗೆ ಬರುವುದು.

ಕೈಯ ವೇಗವು ಸಮವಲ್ಲವಷ್ಟೆ. ಬೇಗನೆ ಎಳೆದರೆ ಹೊಲಿಗೆಯು ಉದ್ದವಾಗುವುದು, ತಡೆದರೆ ಚಿಕ್ಕದಾಗುವುದು. ಇದಕ್ಕೆ ನಿಯಂತ್ರಕವೊಂದುಂಟು: ಗಾಲಿಯು ಉರುಳಿದ ವೇಗವನ್ನು ಅಳೆದು, ಅದಕ್ಕೆ ಅನುಸಾರವಾಗಿ ಸೂಜಿಯನ್ನು ನಡೆಸಿ, ಅಂಗುಲಕ್ಕೆ ಹತ್ತು ಹನ್ನೊಂದು ಹೊಲಿಗೆಗಳನ್ನು ತಪ್ಪದೆ ಹಾಕಿಸುವುದು. ಕಾಗದದ ಮೇಲೆ ಅಚ್ಚಾದ ಬಳ್ಳಿಯ ಗೆರೆಯನ್ನು ಸಣ್ಣ ಬೆಳಕಿನ ಚುಕ್ಕೆಯಿಂದ ಅನುಸರಿಸಿ ಹೊಲಿಯುವುದು ಒಂದು ಕ್ರಮ. ಯಾವ ಮಾದರಿಯೂ ಇಲ್ಲದೆ ಮನಸ್ಸಿಗೆ ಬಂದಂತೆ ಬರೆಯುತ್ತ ಹೋಗುವುದು ಇನ್ನೊಂದು. ಈಗ ಗಣಕಯಂತ್ರವೇ ಸೂಜಿಯನ್ನು ನಡೆಸುವ ಏರ್ಪಾಡುಗಳೂ ಇವೆ. ಆದರೆ ಅಸ್ತರಿಯನ್ನು ನಾಲ್ಕು ಕಡೆಗೂ ಕೆಲವು ಅಂಗುಲ ಹೆಚ್ಚಾಗಿ ಬಿಡುವುದು, ಮೇಲಿನ ದಾರವೂ ಕೆಳಗಿನ ದಾರವೂ ನಡುಪದರದಲ್ಲಿಯೇ ಕೊಂಡಿ ಹಾಕುವಂತೆ ಬಿಗಿಯನ್ನು ಹದಗೊಳಿಸುವುದು, ಇವನ್ನು ಮನುಷ್ಯನ ಕಣ್ಣೇ ನೋಡಬೇಕು. ಬಿಗಿ ತಪ್ಪಿದರೆ ಬಾಗುಗಳಲ್ಲಿ, ಹೊದಿಕೆಯ ಬೆನ್ನಿನ ಮೇಲೆ, ರೆಪ್ಪೆಗೂದಲಿನಂತೆ ದಾರದ ಕುಣಿಕೆಗಳು ಏಳುವುವು. ಮೇಲಿನಿಂದ ನೋಡಿದವರಿಗೆ ಅದು ಗೊತ್ತಾಗುವುದಿಲ್ಲ; ಆದುದರಿಂದ ಬಗ್ಗಿ ಕೆಳಗಿನಿಂದಲೂ ನೋಡುವ ಅಭ್ಯಾಸವನ್ನು ಮೊದಲು ಮಾಡಿಸುವರು.

ನಮಗೆ ಕಲಿಸಿದಾಕೆ ಎಪ್ಪತ್ತು ದಾಟಿದ ವೃದ್ಧೆ. ಆಕೆಯು ಮೊದಲ ದಿನ ಯಂತ್ರವನ್ನು ಮುಟ್ಟಗೊಡಲಿಲ್ಲ. ಕಾಗದವನ್ನೂ ಸೀಸದ ಕಡ್ಡಿಯನ್ನೂ ಕೊಟ್ಟು, ಕೈಯೆತ್ತದೆ ಸುರುಳಿಗಳನ್ನು ಬರೆಯಿರಿ ಎಂದಳು. ಆ ದೇಶದವರು ತಮ್ಮ ಕೂಡಕ್ಷರದ ಸುರುಳಿಗಳನ್ನು ಸಾಲಾಗಿ ಬರೆದರು. ನಮ್ಮ ಮನೆಯವರು ಠಕಾರವನ್ನೂ ಲಕಾರವನ್ನೂ ಕೊಂಡಿಯಾಗಿ ಪೋಣಿಸಿ ಹಾಳೆ ತುಂಬಿಸಿದರು. ದುಂಡಕ್ಷರದ ಲಿಪಿಯಲ್ಲಿ ಬೆಳೆದ ಕೈಗೆ ಬಾಗು ಸಹಜವಷ್ಟೆ. ಆ ಹಾಳೆಯನ್ನು ಉಳಿದವರು ಕೈಯಿಂದ ಕೈಗೆ ದಾಟಿಸಿ ನೋಡಿದರು; ಇದು ಏನು, ಇದನ್ನು ಹೇಗೆ ಓದುವುದು ಎಂದು ಕೇಳಿದರು. ಅಂದಿನಿಂದ ದುಭಾಷಿಯ ಅಗತ್ಯವು ಕಡಿಮೆಯಾಗುತ್ತ ಬಂದಿತು. ಸೂಜಿಯನ್ನು ನೋಡಬೇಡಿ, ಹೋಗತಕ್ಕ ದಾರಿಯನ್ನು ನೋಡಿ ಎಂಬುದು ಗುರುವಿನ ಒಂದೇ ಉಪದೇಶ. ಮೂವತ್ತು ವರ್ಷಗಳ ಕಾಲ ಹುಡುಗರಿಗೆ ಅಕ್ಷರ ತಿದ್ದಿಸಿದ ನಮಗೆ ಅದರ ಸತ್ಯವು ಒಡನೆಯೇ ಹಿಡಿಯಿತು. ಕೆಟ್ಟ ಹೊಲಿಗೆಯನ್ನು ಬಿಚ್ಚುವುದಕ್ಕೆ ಅವರು ಕಪ್ಪೆಯ ಹೆಸರಿಟ್ಟಿದ್ದಾರೆ. ಹರಿದುಹಾಕು ಎಂಬ ಅರ್ಥದ ಅವರ ಮಾತು ಎರಡೆರಡು ಬಾರಿ ಹೇಳಿದರೆ ಕಪ್ಪೆಯ ಕೂಗಿನಂತೆ ಕೇಳುವುದಂತೆ. ಯಾರಾದರೂ ಬಿಚ್ಚಲು ಕುಳಿತರೆ ಉಳಿದವರು ವಟಗುಟ್ಟಿ ನಗುವರು. ನಗುತ್ತಲೇ ಕುರ್ಚಿ ಎಳೆದುಕೊಂಡು ಬಂದು ಇನ್ನೊಂದು ತುದಿಯಿಂದ ಬಿಚ್ಚಿಕೊಡುವರು.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಹತ್ತು ಜನರು ಸುತ್ತ ಕುಳಿತ ಚೌಕಟ್ಟಿನ ಸ್ಥಾನದಲ್ಲಿ ಒಬ್ಬಳೇ ನಿಂತು ನಡೆಸುವ ಯಂತ್ರವು ಬಂದಮೇಲೆ ಕೂಟವು ಮುರಿಯಲಿಲ್ಲವೇ? ಬೇರೆ ಯಂತ್ರಗಳ ಚರಿತ್ರೆಯನ್ನು ನೋಡಿದರೆ ಹಾಗಾಗಬೇಕಾಗಿತ್ತು. ಆದರೆ ಈ ಯಂತ್ರಕ್ಕೆ ಒಂದು ಮೋಟಾರುಗಾಡಿಯ ಬೆಲೆ. ಅದಕ್ಕೆ ಬೇಕಾದುದು ಒಂದು ಇಡೀ ಕೋಣೆ. ಆದುದರಿಂದ ಅದು ಮನೆಮನೆಗೂ ಬರಲಾರದು. ಯಂತ್ರವುಳ್ಳವಳು ಉಳಿದವರ ಹೊದಿಕೆಗಳನ್ನು ಚದರ ಅಂಗುಲದ ಲೆಕ್ಕದಲ್ಲಿ ಕೂಲಿಗೆ ಹೊಲಿದುಕೊಡುವಳು. ಅಥವಾ ತರಗತಿ ಮುಗಿಸಿದವರಿಗೆ ಅಂಗಡಿಯವರು ಗಂಟೆಯ ಬಾಡಿಗೆಗೆ ಯಂತ್ರವನ್ನು ಬಿಡುವರು. ಬಟ್ಟೆಯನ್ನು ಉರುಳೆಗೆ ಏರಿಸಲು ಎರಡು ಜೊತೆ ಕೈಗಳಿದ್ದರೆ ಮೇಲು. ಹೀಗೆ ಬಾವಿಯ ಕಟ್ಟೆಯಂತೆ ಯಂತ್ರವೂ ಸೇರುವ ಸ್ಥಳವಾಯಿತು.

ಮಿಸೌರಿಯ ಹ್ಯಾಮಿಲ್ಟನ್ ಎಂಬ ಸಣ್ಣ ಊರಿನ ಕಥೆಯು ಇದಕ್ಕೆ ನಿದರ್ಶನ. ೨೦೦೮ರ ಹಣದ ಮುಗ್ಗಟ್ಟಿನಲ್ಲಿ ಜೆನ್ನಿ ಡೋನ್ ಎಂಬ ಐವತ್ತು ದಾಟಿದ ಗೃಹಿಣಿಯ ಕುಟುಂಬವು ತನ್ನ ಉಳಿತಾಯವನ್ನು ಕಳೆದುಕೊಂಡಿತು. ಆಕೆಯು ಹೊಲಿಯಲು ಕೊಟ್ಟ ಹೊದಿಕೆಯು ತಿಂಗಳುಗಳಾದರೂ ಮರಳಿ ಬರದಿದ್ದುದನ್ನು ಕಂಡು, ಈ ಕೆಲಸಕ್ಕೆ ಇಷ್ಟು ಗಿರಾಕಿಯುಂಟೇ ಎಂದು ಮಕ್ಕಳು ತಾಯಿಗೆ ಉದ್ದ ತೋಳಿನ ಯಂತ್ರವನ್ನೇ ಕೊಂಡುಕೊಟ್ಟರು. ಆಕೆಯು ಹೊಲಿಗೆಯನ್ನು ಕಲಿಸುವ ಚಲಚ್ಚಿತ್ರಗಳು ಯೂಟ್ಯೂಬಿನಲ್ಲಿ ಲಕ್ಷಾಂತರ ಜನರನ್ನು ಮುಟ್ಟಿದುವು. ಬಾಡುತ್ತಿದ್ದ ಊರಿನ ಪಾಳು ಅಂಗಡಿಗಳು ಒಂದೊಂದಾಗಿ ಬಟ್ಟೆಯ ಅಂಗಡಿಗಳಾಗಿ ತೆರೆದುಕೊಂಡುವು. ದೂರದೂರದಿಂದ ಹೊಲಿಗೆಯವರು ಯಾತ್ರೆಯಂತೆ ಅಲ್ಲಿಗೆ ಬರುವರು.

ಆದರೆ ನಮ್ಮ ಮನಸ್ಸಿನಲ್ಲಿ ನಿಂತುದು ವ್ಯಾಪಾರದ ಕಥೆಯಲ್ಲ. ನಮ್ಮ ತರಗತಿಯಲ್ಲಿ ವಿಧವೆಯೊಬ್ಬಳಿದ್ದಳು. ಗಂಡನ ಅಂಗಿಗಳನ್ನು ಕತ್ತರಿಸಿ ಆಕೆಯು ಎರಡು ವರ್ಷ ಮುಖಪದರವನ್ನು ಜೋಡಿಸಿದ್ದಳು. ಜೇಬಿನ ಗುರುತು, ಕಾಲರಿನ ಸವೆತ, ಎಲ್ಲವೂ ಅದರಲ್ಲಿ ಹಾಗೆಯೇ ಇದ್ದುವು. ಅದನ್ನು ತಾನೇ ಹೊಲಿಯಲು ಆಕೆಗೆ ಧೈರ್ಯವಿಲ್ಲ; ಕೊಡಲೂ ಮನಸ್ಸಿಲ್ಲ. ಕೆಟ್ಟರೆ ಇನ್ನೊಮ್ಮೆ ಕತ್ತರಿಸಲು ಆ ಅಂಗಿಗಳು ಎಲ್ಲಿಂದ ಬರಬೇಕು? ಕಡೆಗೊಂದು ಬೆಳಗ್ಗೆ ಆಕೆಯು ಅದನ್ನು ತಂದು ಗೆಳತಿಯೊಬ್ಬಳ ಕೈಯಲ್ಲಿಟ್ಟು, ಪಕ್ಕದ ಕೋಣೆಗೆ ಹೋಗಿ ಕುಳಿತಳು. ಗೆಳತಿಯು ಬೇರೆ ಚೂರಿನ ಮೇಲೆ ಮೂರು ಬಾರಿ ದಾರದ ಬಿಗಿಯನ್ನು ಪರೀಕ್ಷಿಸಿ, ಹೊಸ ಸೂಜಿ ಹಾಕಿ, ಸಂಜೆಯವರೆಗೂ ಒಂದು ಮಾತನ್ನೂ ಆಡದೆ ಹೊಲಿದಳು. ನಮ್ಮ ಮನೆಯವರು ಮಾತ್ರ ವಿಧವೆಯ ಪಕ್ಕದಲ್ಲಿ ಕುಳಿತಿದ್ದರು. ಇವರಿಗೆ ಅವಳ ಭಾಷೆಯು ಹತ್ತು ಮಾತು ಬರುತ್ತಿತ್ತು, ಅವಳಿಗೆ ಇವರದು ಒಂದೂ ಬಾರದು. ಹೊದಿಕೆಯು ಇಳಿದಾಗ ಆಕೆಯು ಮೊದಲು ಬೆನ್ನನ್ನು ತಿರುಗಿಸಿ ನೋಡಿದಳು. ಒಂದು ಕುಣಿಕೆಯೂ ಎದ್ದಿರಲಿಲ್ಲ. ಕೂಲಿ ಕೊಡಹೋದರೆ ಗೆಳತಿಯು ತೆಗೆದುಕೊಳ್ಳಲಿಲ್ಲ.

ಯಂತ್ರದ ಹೊಲಿಗೆಯು ಹೊಲಿಗೆಯೇ ಅಲ್ಲ ಎನ್ನುವವರು ಅಲ್ಲಿಯೂ ಉಂಟು. ಕೆಂಟಕಿಯ ಪಡೂಕಾ ನಗರದಲ್ಲಿ ಕ್ವಿಲ್ಟುಗಳ ದೊಡ್ಡ ಪ್ರದರ್ಶನವು ೧೯೮೫ರಲ್ಲಿ ಆರಂಭವಾಯಿತು. ೧೯೮೯ರಲ್ಲಿ ಅಲ್ಲಿನ ಪ್ರಥಮ ಬಹುಮಾನವು ಕ್ಯಾರಿಲ್ ಬ್ರೈಯರ್ ಫಾಲರ್ಟ್ ಎಂಬಾಕೆಯು ಮನೆಯ ಯಂತ್ರದಲ್ಲಿ ಹೊಲಿದ ಸೂರ್ಯಗ್ರಹಣದ ಹೊದಿಕೆಗೆ ಬಂದಿತು. ಯಂತ್ರದ ಕೆಲಸಕ್ಕೆ ಆ ಮನ್ನಣೆಯು ಅದೇ ಮೊದಲು. ಕೈಹೊಲಿಗೆಯವರಿಂದ ಆಕ್ಷೇಪವೂ ಸಾಕಷ್ಟು ಬಂದಿತು. ಉಭಯ ಪಕ್ಷಗಳಲ್ಲಿಯೂ ನ್ಯಾಯವುಂಟು. ಕೈಹೊಲಿಗೆಯಲ್ಲಿ ಕಾಲವು ಕಾಣುವುದು. ಯಂತ್ರದಲ್ಲಿ ಗೆರೆಯು ಕಾಣುವುದು. ಹೊದಿಕೆಯು ಯಾರಿಗಾಗಿ, ಯಾರ ಜೊತೆಯಲ್ಲಿ ಹುಟ್ಟಿತೆಂಬುದು ಈ ಎರಡಕ್ಕಿಂತಲೂ ದೊಡ್ಡದೆಂದು ನಮ್ಮ ಅಭಿಪ್ರಾಯ.

ಇದನ್ನು ತಿಳಿಯಲು ಸಮುದ್ರ ದಾಟಬೇಕಾದುದಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಾಡಿನಂಚಿನಲ್ಲಿ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ನೋಡಿರಿ. ಇವರ ಪೂರ್ವಿಕರು ಆಫ್ರಿಕದಿಂದ ಬಂದವರು. ಅಂಚಿನಿಂದ ಆರಂಭಿಸಿ, ಸುತ್ತುತ್ತ ಸುತ್ತುತ್ತ, ನಡುವಿಗೆ ಬಂದು ಮುಗಿಸುವುದು ಇವರ ಕ್ರಮ. ಮೂಲೆಗಳಲ್ಲಿ ಮಡಿಸಿದ ಮುಮ್ಮೂಲೆಯ ತುಂಡುಗಳನ್ನು ಇಟ್ಟು ಅವಕ್ಕೆ ಹೂವೆಂದು ಹೇಳುವರು; ಹೂವಿಲ್ಲದ ಕೌದಿಯು ಅವರ ಪಾಲಿಗೆ ಬತ್ತಲೆ. ಅಮೆರಿಕದ ವಿದ್ವಾಂಸರಾದ ಹೆನ್ರಿ ಡ್ರೂವಲ್ ಇವರ ಕಲೆಯನ್ನು ಕುರಿತು ಬರೆದು, ಅಲ್ಲಿನ ಪ್ರದರ್ಶನಗಳಿಗೂ ಒಯ್ದರು. ಸೀರೆಯ ತುಂಡಿಗೆ ದಾರ ಓಡಿಸುವ ಬಡಹೆಂಗಸಿಗೂ ಯಂತ್ರದ ಮುಂದೆ ನಿಂತ ಮಿಸೌರಿಯ ವೃದ್ಧೆಗೂ ಭಾಷೆ ಬೇರೆ, ಬದುಕು ಬೇರೆ. ಕಸಬು ಮಾತ್ರ ಒಂದು.

ಅರುವತ್ತು ದಾಟಿದವರಿಗೆ ನಾವು ಸಾಮಾನ್ಯವಾಗಿ ವಿಶ್ರಾಂತಿಯನ್ನು ಹಾರೈಸುತ್ತೇವೆ. ವಿಶ್ರಾಂತಿಯು ಒಳ್ಳೆಯದೇ, ಆದರೆ ಅದರಲ್ಲಿ ಹೊಸ ಸ್ನೇಹಿತರು ದೊರೆಯುವುದು ಕಷ್ಟ. ಎಳೆಯರಿಗೆ ಆಟದಲ್ಲಿ, ಪ್ರಾಯದವರಿಗೆ ಉದ್ಯೋಗದಲ್ಲಿ ಸಖ್ಯವು ತಾನಾಗಿ ಹುಟ್ಟುವುದು. ಮುಪ್ಪಿನಲ್ಲಿ ಅದಕ್ಕೆ ಕೈಗೊಂದು ಕೆಲಸ ಬೇಕು, ಅದೂ ಒಬ್ಬರಿಂದ ಮುಗಿಯದ ಕೆಲಸವಾಗಬೇಕು. ವಾಚಕರ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಸೀರೆಗಳು ಇದ್ದೇ ಇರುವುವು. ಪಾತ್ರೆಯವನಿಗೆ ಅವನ್ನು ಮಾರುವ ಮೊದಲು ಮನೆಯ ಹಿರಿಯರಿಗೆ ಒಂದು ಸೂಜಿಯನ್ನೂ, ಬೀದಿಯ ಇಬ್ಬರು ಮೂವರು ಸಮವಯಸ್ಕರಿಗೆ ಒಂದು ಕರೆಯನ್ನೂ ಕೊಟ್ಟು ನೋಡಲಿ. ಕೌದಿಯು ಮುಗಿಯಲು ತಡವಾದರೆ ಯಾರೂ ಅವಸರಪಡಿಸಬೇಕಾದುದಿಲ್ಲ.